ಎಂಬತ್ತೊಂಬತ್ತನೇ ಸಾಲು

ಡಯಾಲಿಸಿಸ್ ಯಂತ್ರದ ನಳಿಗೆ ಕಳಚಿ ರೋಗಿಯ ರಕ್ತ ಹಾಸಿಗೆಗೆ ಹರಿದಿತ್ತು. ಜೀವ ಉಳಿದದ್ದೇ ಹೆಚ್ಚು. ಮರುದಿನ ಮುಖ್ಯ ವೈದ್ಯೆಯ ಕೋಣೆಯಲ್ಲಿ ನರ್ಸ್ ತಲೆ ತಗ್ಗಿಸಿ ನಿಂತಿದ್ದಳು. ಯಂತ್ರದ ಪ್ರೋಗ್ರಾಂ ಬರೆದ ಎಂಜಿನಿಯರ್ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದ.

"ಅಲಾರಂ ಹೊಡೀಲಿಲ್ಲ ಮೇಡಂ. ನಾನು ಪಕ್ಕದ ಬೆಡ್ ಹತ್ರಾನೇ ಇದ್ದೆ."

"ಲಾಗ್ ಸುಳ್ಳು ಹೇಳಲ್ಲ ಸಿಸ್ಟರ್," ಎಂದ ಎಂಜಿನಿಯರ್. "ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ 'ಅಲಾರಂ ಹೊಡೆಯಿತು' ಅಂತ ಯಂತ್ರಾನೇ ಬರ್ಕೊಂಡಿದೆ, ನೋಡಿ."

ಅಮಾನತು ಪತ್ರಕ್ಕೆ ಸಹಿ ಹಾಕುವ ಮುನ್ನ ವೈದ್ಯೆ ಕೇಳಿದರು, "ಹಾಗೆ ಬರಿ ಅಂತ ಅದಕ್ಕೆ ಹೇಳೋ ಸಾಲು ಪ್ರೋಗ್ರಾಂನಲ್ಲಿ ಎಲ್ಲಿದೆ? ಅದನ್ನೂ ಪಕ್ಕದಲ್ಲಿಟ್ಟು ತೋರಿಸಿ."

"ಅದಕ್ಕೇನಂತೆ." ಅವನು ಲಾಗ್‌ನ ಮೇಲೆ ಒತ್ತಿದ. ಪಕ್ಕದಲ್ಲೇ ಕೋಡ್ ತೆರೆದುಕೊಂಡಿತು. ಅವನು ಪರದೆಯತ್ತ ಬಗ್ಗಿ ಎರಡು ಸಾಲುಗಳನ್ನು ಮತ್ತೆ ಮತ್ತೆ ನೋಡಿದ.

"ಹೇಳಿ."

"ಹೊಡೀತು ಅಂತ ಲಾಗ್‌ಗೆ ಬರೆಯೋದು ಎಂಬತ್ತೆಂಟನೇ ಸಾಲು."

"ನಿಜವಾಗಿ ಹೊಡೆಯೋದು?"

"ಎಂಬತ್ತೊಂಬತ್ತು. ಅದನ್ನ ಯಾರೋ ಆಫ್ ಮಾಡಿದಾರೆ."

"ಪಕ್ಕದಲ್ಲಿ ಏನೋ ಟಿಪ್ಪಣಿ ಇದೆಯಲ್ಲ, ಓದಿ."

ತಾನೇ ಬರೆದಿದ್ದನ್ನು ಅವನು ಓದಿದ: "ಟೆಸ್ಟಿಂಗ್ ಮಾಡುವಾಗ ಈ ಸದ್ದಿಗೆ ತಲೆ ಚಿಟ್ಟು ಹಿಡಿಯುತ್ತಿದೆ. ನಾಳೆ ಮರೆಯದೆ ಆನ್ ಮಾಡಬೇಕು."