ಆಪರೇಷನ್ನಿಗೆ ಮೊದಲು ನೀಲಗಂಗವ್ವ ಕೇಳಿದ ಪ್ರಶ್ನೆ

ಹುಬ್ಬಳ್ಳಿಯ ಒಂದು ಓಣಿಯಲ್ಲಿ ನೀಲಗಂಗವ್ವನ ಖಾನಾವಳಿ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ... ಒಮ್ಮೆ ಉಂಡವರು ಮತ್ತೆ ಬಾರದೇ ಇರುತ್ತಿರಲಿಲ್ಲ.

ಆದರೆ ಊರಿಗೆಲ್ಲ ಉಣಿಸುವ ಆಕೆಯ ಹೊಟ್ಟೆಗೇ ನೆಮ್ಮದಿ ಇರಲಿಲ್ಲ. ಹೊಟ್ಟೆಯುಬ್ಬರ, ವಾಕರಿಕೆ, ಪಕ್ಕೆಯಲ್ಲಿ ನೋವು...

ರಕ್ತ ಪರೀಕ್ಷೆ ನಾರ್ಮಲ್. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದಲ್ಲಿ ಕಲ್ಲೂ ಇಲ್ಲ. ಪಿತ್ತಕೋಶ ಸ್ವಲ್ಪ ನಿಧಾನವಾಗಿ ಕೆಲಸ ಮಾಡುತ್ತಿರಬಹುದು, ಬೇಕಾದರೆ ತೆಗೆಸಬಹುದು ಎಂದರು ಡಾಕ್ಟರು.

ಅಷ್ಟು ಸಾಕಾಯಿತು ನೋಡಿ... ಬೀಗರು, ನೆರೆಹೊರೆಯವರು ಎಲ್ಲರೂ ಅರ್ಧ ಡಾಕ್ಟರಾದರು. ತೆಗೆಸಿಬಿಡು, ಕಾಟ ತಪ್ಪುತ್ತದೆ ಎಂದರು. ಮಗ ಈರಣ್ಣ ತಾರೀಖನ್ನೂ ಗೊತ್ತು ಮಾಡಿದ.

ನೀಲಗಂಗವ್ವನಿಗೆ ಮಾತ್ರ ಒಂದೇ ಚಿಂತೆ. ಕೊಯ್ಸಿಕೊಂಡ ಮೇಲೂ ನೋವು ಹಾಗೇ ಉಳಿದರೆ?

ಸರ್ಜನ್ ಎದುರು ಕೂತಾಗ ಧೈರ್ಯ ಮಾಡಿ ಕೇಳಿಯೇ ಬಿಟ್ಟಳು.

"ಸಾಹೇಬ್ರ, ಅದನ್ನ ತಗದ್ರ ನನ್ನ ನೋವು ಹೋಗತೈತೇನ್ರಿ?"

ಈರಣ್ಣನಿಗೆ ನಾಚಿಕೆಯಾಯಿತು. ದೊಡ್ಡ ಡಾಕ್ಟರನ್ನು ಹಾಗೆಲ್ಲ ಕೇಳಬಾರದು ಎಂದು ಪಿಸುಗುಟ್ಟಿದ.

ಸರ್ಜನ್ ಮಾತ್ರ ಪೆನ್ನು ಕೆಳಗಿಟ್ಟರು. "ಹೋಗೇ ಹೋಗತೈತಿ ಅಂತ ಹೇಳಾಕ ಆಗಂಗಿಲ್ಲವ್ವಾ. ಛಲೋ ಕೇಳಿದ್ರಿ. ನೀವು ದಿನಾ ಊಟ ಎಷ್ಟೊತ್ತಿಗೆ ಮಾಡ್ತೀರಿ?"

ಇದನ್ನು ಆಕೆ ಯಾವ ಡಾಕ್ಟರಿಗೂ ಹೇಳಿರಲಿಲ್ಲ, ಈಗ ಹೇಳಿದಳು... ಬಂದವರೆಲ್ಲ ಉಂಡೆದ್ದ ಮೇಲೆಯೇ ತಾನು ಉಣ್ಣುವುದು. ಅದು ಅತ್ತೆ ಹಾಕಿಕೊಟ್ಟ ಪದ್ಧತಿ. ಬೆಳಗಿನಿಂದ ಬರೀ ಚಹಾ, ಇಳಿಹೊತ್ತಿಗೆ ತಣ್ಣನೆಯ ರೊಟ್ಟಿ, ಮೇಲೆ ಖಾರ. ಪದ್ಧತಿಯನ್ನೂ ಡಾಕ್ಟರಿಗೆ ಹೇಳಬೇಕೆಂದು ಆಕೆಗೆ ಹೇಗೆ ಗೊತ್ತಾಗಬೇಕು?

ಸರ್ಜನ್ ಆಪರೇಷನ್ ಮುಂದೂಡಿದರು. ಮೊದಲು ಹೊತ್ತಿಗೆ ಸರಿಯಾಗಿ ಊಟ, ಜೊತೆಗೆ ಔಷಧ. ಜ್ವರ, ಕಾಮಾಲೆ, ತಡೆಯಲಾರದ ನೋವು ಬಂದರೆ ಮಾತ್ರ ತಡಮಾಡದೆ ಬರಬೇಕು ಎಂದರು.

ಮರುದಿನ ಮಧ್ಯಾಹ್ನ ಪಂಕ್ತಿ ತುಂಬಿತ್ತು. ಈರಣ್ಣ ಅವ್ವನಿಗೂ ತಾಟು ಹಚ್ಚಿದ. ಆಕೆ ಒಪ್ಪಲಿಲ್ಲ. ಮಂದಿ ಹಸಿದು ಕೂತಿರುವಾಗ ತಾನು ಉಣ್ಣುವುದೇ?

ದಿನಾ ಅಲ್ಲೇ ಉಣ್ಣುವ ರಿಟೈರ್ಡ್ ಮಾಸ್ತರರು ಈರಣ್ಣನಿಂದ ವಿಷಯ ತಿಳಿದು ತಾಟಿನಿಂದ ಕೈ ತೆಗೆದರು.

"ನೀಲಗಂಗಕ್ಕ, ನೀ ಕುಂತು ಉಣ್ಣೂತನಕ ನಾವ್ಯಾರೂ ತುತ್ತು ಮುಟ್ಟಂಗಿಲ್ಲ."

ಇಡೀ ಪಂಕ್ತಿಯೇ ಕೈ ಹಿಂದೆ ತೆಗೆಯಿತು...

ಆಕೆಯ ಕಣ್ಣು ತುಂಬಿ ಬಂತು. ಅವರ ಸಾಲಿನಲ್ಲೇ ಕೂತು ರೊಟ್ಟಿ ಮುರಿದಳು.

ತಿಂಗಳುಗಳು ಕಳೆದವು. ನೋವು ಪೂರ್ತಿ ಹೋಗಲಿಲ್ಲ, ಆದರೆ ಬಹಳ ಇಳಿಯಿತು. ಸದ್ಯಕ್ಕೆ ಆಪರೇಷನ್ ಬೇಡ ಎಂದರು ಸರ್ಜನ್.

ಈಗ ಈರಣ್ಣ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬಂದವರಿಗೆಲ್ಲ ಎದೆಯುಬ್ಬಿಸಿ ಹೇಳುತ್ತಾನೆ...

"ನಮ್ಮವ್ವ ಸಾಲಿ ಕಲ್ತಾಕಿ ಅಲ್ರಿ. ಆದ್ರ ನಾವ್ಯಾರೂ ಕೇಳದ ಮಾತು ಆಕಿ ಕೇಳಿದ್ಳು."

ನೀಲಗಂಗವ್ವ ಕೇಳಿಸದವಳಂತೆ ರೊಟ್ಟಿ ಬಡಿಯುತ್ತಾಳೆ. ಮುಖ ಮಾತ್ರ ಅರಳಿರುತ್ತದೆ.

ಡಾಕ್ಟರನ್ನು ಪ್ರಶ್ನೆ ಕೇಳುವುದು ಅಗೌರವವಲ್ಲ, ನಮ್ಮ ದೇಹಕ್ಕೆ ನಾವು ಕೊಡುವ ಮರ್ಯಾದೆ.

ನಿಮ್ಮ ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರು ಇವತ್ತು ಎಷ್ಟು ಹೊತ್ತಿಗೆ ಉಂಡರು... ಕೇಳಿದ್ದೀರಾ?