ದೇಸಾಯರಿಗೆ ಒಪ್ಪುವ ಹೋಟೆಲು

“ಫ್ರಿಜ್ಜಿನಾಗ ಕೇಕ್ ಅದ ಅಂದ್ರಿ?” ಫೋನಿನಲ್ಲಿ ದೇಸಾಯರ ದನಿ ಮೂಗಿನಿಂದಲೇ ಬಂತು. “ಕೇಕಿನಾಗ ತತ್ತಿ ಇರ್ತದ. ಅಂಥಾ ಹೋಟೆಲಿಗೆ ನಮ್ಮನ್ನ ಕರೀತೀರೇನ್ರಿ?”

“ತಪ್ಪಾತ್ರಿ,” ಎಂದ ಪಂಢರಿನಾಥ, ಹೋಟೆಲಿನ ಬಾಗಿಲಲ್ಲೇ ನಿಂತು.

ದೇಸಾಯರು ತಿರಸ್ಕರಿಸಿದ ಮೂರನೆಯ ಹೋಟೆಲಿದು. ಮೊದಲನೆಯದರ ಪಕ್ಕದಲ್ಲಿ ಕೋಳಿ ಅಂಗಡಿಯಿತ್ತು. ಎರಡನೆಯದರ ಗಾಜಿನ ಮೇಲೆ ‘ಸಸ್ಯಾಹಾರಿಗಳಿಗೆ ಸ್ವಾಗತ’ ಎಂದು ಬರೆದಿತ್ತು. “ಸ್ವಾಗತ ಅಂದ್ರ ಉಳಿದವರೂ ಬರ್ತಾರಂತ ಅರ್ಥ,” ಎಂದು ದೇಸಾಯರು ಫೋನಿಟ್ಟಿದ್ದರು. ಪ್ರತಿ ಹೋಟೆಲಿನ ಅಡುಗೆಮನೆ ಇಣುಕಿ ನೋಡಿ ವರದಿ ಒಪ್ಪಿಸಬೇಕೆಂದು ಅವರ ಅಪ್ಪಣೆ.

ಪಂಢರಿನಾಥನ ಮಗಳು ನೀಲಿಮಾಗೆ ದೇಸಾಯರ ಮಗ ಋಷಿಕೇಶನ ಮೇಲೆ ಮನಸ್ಸು. ಅವನಿಗೂ ಇವಳ ಮೇಲೆ. ಹುಡುಗ ಒಳ್ಳೆಯವನೇ, ಅಪ್ಪ ಎದುರಿಗಿದ್ದರೆ ಮಾತ್ರ ಅವನಿಗೆ ಬಾಯಿ ಇರುವುದಿಲ್ಲ. ಎರಡೂ ಮನೆಯವರು ಧಾರವಾಡದಿಂದ ಬಂದು ಪುಣೆಯಲ್ಲಿ ನೆಲೆಸಿದವರು. ಜಾತಕವೂ ಕೂಡಿತ್ತು. ಕೆಡಿಸಿದ್ದು ನೀಲಿಮಾಳ ಸತ್ಯಸಂಧತೆ. ಕಾಲೇಜಿನ ಪ್ರವಾಸದಲ್ಲಿ ಒಮ್ಮೆ ಆಮ್ಲೆಟ್ ತಿಂದಿದ್ದೆ ಎಂದು ಅವಳು ತಾನಾಗಿಯೇ ಹೇಳಿಬಿಟ್ಟಿದ್ದಳು.

ಅಂದಿನಿಂದ ದೇಸಾಯರು ಆ ಮನೆಯ ನೀರೂ ಮುಟ್ಟಿರಲಿಲ್ಲ. ಕೊನೆಯ ಮಾತುಕತೆ ಹೋಟೆಲಿನಲ್ಲೇ ಆಗಬೇಕು, ಆ ಹೋಟೆಲಿನ ಒಲೆ ಮಾಂಸ ಕಂಡಿರಬಾರದು, ಇಲ್ಲದಿದ್ದರೆ ಸಂಬಂಧ ಮುರಿಯಿತೆಂದೇ ತಿಳಿಯಿರಿ ಎಂದಿದ್ದರು. ಬಾಡಿಗೆ ಕಾರೂ ಕೂಡದು. “ನಮಕಿಂತ ಮೊದಲ ಕೂತಾಂವ ಏನ ಪಾರ್ಸಲ್ ಹಿಡಕೊಂಡಿದ್ದನೋ ಯಾರಿಗೆ ಗೊತ್ತು?” ಮೆಟ್ರೋದಲ್ಲಿ ಯಾರಿಗೂ ತಿನ್ನಲು ಬಿಡುವುದಿಲ್ಲವಾದ್ದರಿಂದ ಅದಕ್ಕೆ ಮಾತ್ರ ಅವರ ಮಾನ್ಯತೆ ಸಿಕ್ಕಿತ್ತು. ಮೆಟ್ರೋ ಇಳಿದು ನಡೆಯುವಷ್ಟು ಹತ್ತಿರ ಹೋಟೆಲಿರಬೇಕು. ಇಷ್ಟು ಮಡಿಯ ಮನುಷ್ಯ ಶಿವಾಜಿನಗರದ ಕಚೇರಿಯಲ್ಲಿ ಊರ ಜನರ ನಡುವೆ ಇಡೀ ನೌಕರಿ ಹೇಗೆ ಮುಗಿಸಿದರೋ.

ಅಪ್ಪ ಮಗಳು ಧನಕವಡಿಯಿಂದ ಬಸ್ಸಿನಲ್ಲಿ ಸ್ವಾರಗೇಟಿಗೆ, ಅಲ್ಲಿಂದ ಮೆಟ್ರೋ ಹಿಡಿದು ಊರೆಲ್ಲ ಮೂಸುತ್ತ ತಿರುಗಿದರು. ಕಡೆಗೆ ಶಿವಾಜಿನಗರ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ಕಡಿದಾದ ಮೆಟ್ಟಿಲುಗಳ ಮೇಲೆ, ಅದು ಸಿಕ್ಕಿತು. ‘ಶುದ್ಧ ಶಾಕಾಹಾರಿ’ ಎಂಬ ಹೊಸ ಬಟ್ಟೆಯ ಬ್ಯಾನರು ಬಾಗಿಲ ಮೇಲಿನ ಬೋರ್ಡಿಗೆ ಅಡ್ಡವಾಗಿ ಬಿಗಿದಿತ್ತು. ಅಡುಗೆಮನೆ ಕನ್ನಡಿಯಂತೆ ಹೊಳೆಯುತ್ತಿತ್ತು. ದೊಡ್ಡ ಹಂಡೆಗಳನ್ನು ತೊಳೆದು ಅಟ್ಟದ ಮೇಲೆ ಬೋರಲು ಹಾಕಿದ್ದರು.

“ಶ್ರಾವಣ ಅಲ್ರಿ, ಎಲ್ಲಾ ತಿಕ್ಕಿ ತೊಳದೇವಿ,” ಎಂದ ಮಾಲೀಕ ಬಾಳು. ನಿಪ್ಪಾಣಿ ಕಡೆಯವನು, ಕನ್ನಡ ಬಲ್ಲವನು. “ಈ ತಿಂಗಳ ಉಳ್ಳಾಗಡ್ಡಿನೂ ಒಳಗ ಬರಂಗಿಲ್ಲ.”

ಪಂಢರಿನಾಥನಿಗೆ ಕಣ್ಣು ತುಂಬಿ ಬಂತು. “ಖಾಲಿ ಕಾಣ್ತದಲ್ರಿ?”

“ಈಗ ಗಿರಾಕಿ ಕಡಿಮಿ. ಗಣಪತಿ ಕಳಿಸಿದ ಮ್ಯಾಲ ಬಂದು ನೋಡ್ರಿ, ಕೂಡಾಕ ಜಾಗ ಸಿಗಂಗಿಲ್ಲ.”

ನೀಲಿಮಾ ಬಾಗಿಲಾಚೆ ನಿಂತು ಮೇಲೆ ನೋಡುತ್ತಿದ್ದಳು. ಗಾಳಿಗೆ ಬ್ಯಾನರಿನ ಒಂದು ಮೂಲೆ ಬಿಚ್ಚಿಕೊಂಡು ಹಿಂದಿನ ಬೋರ್ಡು ಇಣುಕುತ್ತಿತ್ತು. ಅವಳು ಕುರ್ಚಿ ಹತ್ತಿ ಅದನ್ನು ಗಟ್ಟಿಯಾಗಿ ಕಟ್ಟಿದಳು. “ಇದೇ ಇರ್ಲಿ ಅಪ್ಪಾ,” ಎಂದಳು.

ಪಂಢರಿನಾಥ ಫೋನಿನಲ್ಲಿ ಬಾಳುವಿನ ಹೆಸರು, ಗಲ್ಲಿಯ ಗುರುತು ಹೇಳಿದ. ಮೆಟ್ಟಿಲಿನ ಮಾತು ಅವನು ಎತ್ತಲಿಲ್ಲ; ನೀಲಿಮಾ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು.

“ಅದು ಬ್ಯಾಡ,” ಎಂದರು ದೇಸಾಯರು. “ಆ ಮೆಟ್ಟಲಾ ಏರೂದು ನಮ್ಮಾಕಿ ಕಡಿಂದ ಆಗೂದಿಲ್ಲ. ಮೊಳಕಾಲ ಬ್ಯಾನಿ.”

ಹಿಂದಿನಿಂದ ಅವರ ಹೆಂಡತಿ ಅಂಬಾಬಾಯಿಯ ದನಿ ಕೇಳಿತು. “ನನ್ನ ಮೊಳಕಾಲಿಗೆ ಏನ ಧಾಡಿ ಆಗೇದ? ರವಿವಾರ ಬರ್ತೀವಂತ ಹೇಳ್ರಿ. ಹುಡುಗೀನ ಎಷ್ಟಂತ ಗೋಳ ಹೊಯ್ಕೋತೀರಿ?”

ಭಾನುವಾರ ದೇಸಾಯರು ಬಂದರು. ಬೆವರು ಕಿತ್ತುಬರುವ ಸೆಕೆಯಲ್ಲಿ ಕಿವಿಗೂ ಮೂಗಿಗೂ ಮಫ್ಲರು. “ಥಂಡಿ ಆಗೇದ,” ಎಂದು, ಬಾಳು ಕೂತಿದ್ದ ಗಲ್ಲೆಗೆ ಬೆನ್ನು ಹಾಕಿ ಕೂತರು. ಕೂತ ಮೇಲೆ ಮಫ್ಲರಿನೊಳಗಿಂದಲೇ ಉಪದೇಶ ಶುರುವಾಯಿತು. ತತ್ತಿ ತಿಂದವರ ಕೈಯ ಅಡುಗೆ ಪಿತೃಗಳಿಗೆ ಮುಟ್ಟುವುದಿಲ್ಲ. ಒಮ್ಮೆ ಕೆಟ್ಟ ನಾಲಿಗೆ ಕೆಟ್ಟದ್ದೇ. ಇಂಥವರನ್ನು ಸೊಸೆ ಮಾಡಿಕೊಳ್ಳುವುದೆಂದರೆ ತಮ್ಮ ಔದಾರ್ಯ. ಪಂಢರಿನಾಥ ಪ್ರತಿ ಮಾತಿಗೂ ತಲೆಯಾಡಿಸಿದ. ಋಷಿಕೇಶ ನೀರಿನ ಲೋಟವನ್ನು ಸಂಶೋಧಕನ ಶ್ರದ್ಧೆಯಿಂದ ನೋಡುತ್ತ ಕೂತಿದ್ದ. ಇಂಥ ಗಂಡಸರ ನಡುವೆ ನೀಲಿಮಾಳ ಮದುವೆ ತೀರ್ಮಾನವಾಗಬೇಕಿತ್ತು.

ಆಮೇಲೆ ದೇಸಾಯರು ಚೀಲದಿಂದ ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟರು.

“ಪಂಚಗವ್ಯ. ಗೋಮೂತ್ರ, ಸೆಗಣಿ ಎಲ್ಲಾ ಶಾಸ್ತ್ರದ ಪ್ರಕಾರ ಹಾಕೇದ. ಎಲ್ಲಾರ ಮುಂದ ಕುಡೀಲಿ. ನಾಲಿಗಿ ಶುದ್ಧ ಆದ ಮ್ಯಾಲ ಮುಹೂರ್ತದ ಮಾತು.”

ವಿಧಿಗೆ ಒಂದು ಚಮಚೆ ಸಾಕು. ಅವರು ಲೋಟದ ತುಂಬ ಸುರಿದರು. ಪಂಢರಿನಾಥ ಗೋಡೆ ನೋಡಿದ. ನೀಲಿಮಾ ಋಷಿಕೇಶನನ್ನು ನೋಡಿದಳು. ಅವನು ತಲೆ ಎತ್ತಲಿಲ್ಲ. ಅವಳ ಮುಖ ಅವಮಾನದಿಂದ ಉರಿಯುತ್ತಿತ್ತು. ಆದರೂ ಲೋಟ ಕೈಗೆತ್ತಿಕೊಂಡು, “ಮಾಲೀಕರ, ಇಲ್ಲಿ ಸ್ವಲ್ಪ ಬರ್ರಿ,” ಎಂದು ಜೋರಾಗಿ ಕರೆದಳು. “ನಮ್ಮ ದೇಸಾಯಿ ಮಾವನವರಿಗೆ ಏನ ಬೇಕು ಕೇಳ್ರಿ.”

ಬಾಳು ಬಂದ. ಬಗ್ಗಿ ಮಫ್ಲರಿನೊಳಗೆ ಇಣುಕಿದ. ಅವನ ಮುಖ ಅರಳಿತು.

“ಅಯ್ಯ, ದೇಸಾಯಿ ಸಾಹೇಬ್ರು! ಬ್ಯಾನರ್ ಬಿಚ್ಚೂತನಾ ತಡೀರಿ ಅಂದಿದ್ನಲ್ರಿ? ಶ್ರಾವಣ ಮುಗದು ಗಣಪತಿ ಕಳಿಸಿದ ಮರುದಿನಾನ ನಿಮ್ಮ ಮಟನ್ ತಾಟ ಆ ಮೂಲಿ ಟೇಬಲಿಗೆ ಬರ್ತದ. ನಳ್ಳಿ ಎಲುಬು ನಿಮಗಂತನ ತಗದ ಇಡ್ತೀನಿ.”

ಅಂಬಾಬಾಯಿ ನೀಲಿಮಾಳ ಕೈಯಿಂದ ಲೋಟ ತೆಗೆದುಕೊಂಡು ಗಂಡನ ಮುಂದಿಟ್ಟರು. “ಕುಡೀರಿ,” ಎಂದರು. “ಬಾಟಲಿಯಾಗ ಇನ್ನೂ ಅದ.”