ಪೆಡಲಿನ ಕೆಳಗಿನ ಕಟ್ಟಿಗೆ

“ಪೂರಾ ಯಾಕ ಒತ್ತಲಿಲ್ಲ?” ಇಂಜಿನ್ ಆರುವ ಮೊದಲೇ ದಸ್ತಗೀರ ಮಗಳ ಮೇಲೆ ರೇಗಿದ. ನವಿಲುತೀರ್ಥದ ಕಾಲುವೆ ಪಕ್ಕದ ನೆಟ್ಟನೆಯ ರಸ್ತೆಯಲ್ಲಿ, ಮನೆಮಂದಿಯೆಲ್ಲ ಸೇರಿ ಲೂನಾ ಮೊಪೆಡ್ಡಿನ ಇಂಜಿನ್ ಕೂಡಿಸಿ ಕಟ್ಟಿದ ಪುಟ್ಟ ರೇಸ್ ಗಾಡಿ, ಗೆಳೆಯ ಮಹಾಂತಪ್ಪನ ಮಗನ ಗಾಡಿಗಿಂತ ಎರಡು ಮಾರು ಹಿಂದೆ ಬಿದ್ದಿತ್ತು. ಸೀಟಿನ ಗಾದಿ ಹೊಲಿದಿದ್ದ ಹೆಂಡತಿ ಜಮೀಲಾಬಿ ನೀರಿನ ತಂಬಿಗೆ ಹಿಡಿದು ಅಲ್ಲೇ ನಿಂತುಬಿಟ್ಟಳು.

ಹತ್ತು ವರ್ಷದ ಅಂಬರೀನ ತನ್ನ ಹೆಲ್ಮೆಟ್ ತೆಗೆದಳು. ಒಂದು ಜಡೆಗೆ ರಿಬ್ಬನ್ ಇರಲಿಲ್ಲ. “ತಳಾ ಹತ್ತೂತನಕ ಒತ್ತೇನಿ, ಅಬ್ಬಾ.”

“ಸುಳ್ಳ ಹೇಳಬ್ಯಾಡ. ಒತ್ತಿದ್ರ ನಮ್ಮ ಗಾಡೀನ ಮುಂದ ಇರತಿತ್ತು.”

ಅವಳು ಬಗ್ಗಿ ಎಕ್ಸಲರೇಟರ್ ಪೆಡಲಿನ ಕೆಳಗೆ ಬೆರಳು ತೋರಿದಳು. ಮಕ್ಕಳು ಗಾಡಿಯನ್ನು ಅತಿವೇಗದಲ್ಲಿ ಓಡಿಸಬಾರದೆಂದು ಇಬ್ಬರು ತಂದೆಯರೂ ಮಾತಾಡಿಕೊಂಡು ಎರಡೂ ಗಾಡಿಗಳಲ್ಲಿ ಅಡ್ಡ ಕೂಡಿಸಿದ್ದ ಕಟ್ಟಿಗೆ ತುಂಡು, ಕೆಂಪು ರಿಬ್ಬನ್ನಿನಲ್ಲಿ ಬಿಗಿದುಕೊಂಡು ಅಲ್ಲಿತ್ತು. ಮುಂಜಾನೆ ಯಾರಿಗೂ ಹೇಳದೆ ಅದನ್ನು ಬಿಚ್ಚಿ ಪಾನಾ, ಇಕ್ಕಳ ಇಡುವ ಡಬ್ಬಿಯಲ್ಲಿ ಹಾಕಿದ್ದವನು ದಸ್ತಗೀರನೇ.

“ಇದು ಪಾನಾ ಡಬ್ಬಿ ಒಳಗ ಬಿದ್ದಿತ್ತು. ನೀವು ಹಾಕೂದ ಮರತೀರಿ ಅಂತ ನಾನ ಕಟ್ಟೇನಿ. ಮಹಾಂತಪ್ಪ ಕಾಕಾಗ ಕೊಟ್ಟ ಮಾತ ತಪ್ಪಬಾರದಲ್ಲ?”

ಪಕ್ಕದಲ್ಲೇ ಇದ್ದ ಮಹಾಂತಪ್ಪ ಮಗನ ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತ ಮುಖ ಆಚೆ ತಿರುಗಿಸಿದ.

“ಗಂಟ ಗಟ್ಟಿ ಐತಿಲ್ಲೋ ನೋಡ್ರಿ, ಅಬ್ಬಾ.”

ದಸ್ತಗೀರ ಮೊಣಕಾಲೂರಿ ಕುಳಿತ. ಅವನೇ ಕಲಿಸಿದ ಗಂಟು, ಎಳೆದರೆ ಸಡಿಲಾಗುವಂಥದ್ದಲ್ಲ. ಆದರೂ ಎಳೆದು ಎಳೆದು ನೋಡುತ್ತಲೇ ಇದ್ದ. ತಲೆ ಎತ್ತಿದರೆ ಮಗಳ ಮುಖ ನೋಡಬೇಕಾಗುತ್ತಿತ್ತು.